ತೆರೆಯ ಮೇಲಿನ ಗೆಲುವು, ಮರೆತುಹೋದ ಕಾರಣ

ಎಸ್.ಎಸ್. ರಾಜಮೌಳಿಯವರ ‘ಆರ್‌ಆರ್‌ಆರ್’ 2022ರ ಮಾರ್ಚ್ 25ರಂದು ತೆರೆಕಂಡಾಗ ಎಲ್ಲ ಕಡೆಯಂತೆ ರಾಜಾಜಿನಗರ, ವಿಜಯನಗರ, ಕೆಂಗೇರಿಯ ನೋಡುಗರಲ್ಲೂ ಎರಡು ಬಗೆಯ ಮಾತು ಕೇಳಿಬಂತು. ‘ಇತಿಹಾಸವನ್ನು ತಿರುಚಿದ್ದಾರೆ’ ಎಂದರು ಕೆಲವರು. ‘ಸಿನಿಮಾವನ್ನು ಸಿನಿಮಾದಂತೆ ನೋಡಿ’ ಎಂದರು ಉಳಿದವರು. ಎರಡೂ ಕಡೆಯವರ ಗಮನ ಇದ್ದದ್ದು ಒಂದೇ ಸಂಗತಿಯ ಮೇಲೆ: ನಿಜದಲ್ಲಿ ಎಂದೂ ಭೇಟಿಯಾಗದ ಇಬ್ಬರು ವೀರರು ತೆರೆಯ ಮೇಲೆ ಗೆಳೆಯರಾಗಿ ಬ್ರಿಟಿಷ್ ಗವರ್ನರನನ್ನು ಮುಗಿಸುವುದು.

ಅಂತ್ಯವನ್ನು ಬದಲಿಸುವುದು ಹೊಸ ಆಟವೇನಲ್ಲ. ಕ್ವೆಂಟಿನ್ ಟ್ಯಾರಂಟಿನೊ ಅವರ ‘ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್’ (2009) ಚಿತ್ರದಲ್ಲಿ ಹಿಟ್ಲರ್ ಪ್ಯಾರಿಸ್ಸಿನ ಚಿತ್ರಮಂದಿರವೊಂದರಲ್ಲಿ ಗುಂಡಿಗೆ ಬಲಿಯಾಗುತ್ತಾನೆ. ಅವನು 1945ರ ಏಪ್ರಿಲ್ 30ರಂದು ಬರ್ಲಿನ್ನಿನ ಬಂಕರಿನಲ್ಲಿ ಸತ್ತದ್ದು ಲೋಕಕ್ಕೆಲ್ಲ ಗೊತ್ತು. ಹಾಗಾಗಿ ತೆರೆಯ ಮೇಲಿನದು ಸುಳ್ಳೆಂದು ತಿಳಿದೇ ನೋಡುಗ ಖುಷಿಪಡುತ್ತಾನೆ. ಆಂಧ್ರ, ತೆಲಂಗಾಣದ ನೋಡುಗರಿಗೆ ‘ಆರ್‌ಆರ್‌ಆರ್’ ಕೂಡ ಹೆಚ್ಚುಕಡಿಮೆ ಹಾಗೆಯೇ. ಅಲ್ಲೂರಿ ಸೀತಾರಾಮರಾಜು ಗುಂಡೇಟಿಗೆ ಬಲಿಯಾದ ಕಥೆ ಅಲ್ಲಿ ಮನೆಮಾತು. ನಟ ಕೃಷ್ಣ ಆ ಪಾತ್ರ ಮಾಡಿದ ಚಿತ್ರ 1974ರಲ್ಲೇ ಬಂದಿತ್ತು. ಕನ್ನಡಿಗರಲ್ಲಿ ಅನೇಕರಿಗೆ ಅಲ್ಲೂರಿ, ಕೊಮರಂ ಭೀಮ್ ಎಂಬ ಹೆಸರುಗಳು ಪರಿಚಯವಾದದ್ದೇ ‘ಆರ್‌ಆರ್‌ಆರ್’ನಿಂದ. ಅಸಲಿ ಕಥೆ ಗೊತ್ತಿಲ್ಲದಿದ್ದರೆ ಕಲ್ಪನೆಯೇ ಇತಿಹಾಸವಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಅಸಲಿ ಕಥೆ ಕಾಡಿನದು. 1882ರ ಮದ್ರಾಸ್ ಅರಣ್ಯ ಕಾಯ್ದೆ ಗುಡ್ಡಗಾಡಿನ ಜನರ ‘ಪೋಡು’ ಬೇಸಾಯಕ್ಕೆ, ಕಾಡಿನಲ್ಲಿ ಅವರ ಓಡಾಟಕ್ಕೆ ಅಡ್ಡ ನಿಂತಿತು. ಅಲ್ಲೂರಿ ಮುಂದಾಳಾಗಿದ್ದ ರಂಪ ದಂಗೆ 1922ರಲ್ಲಿ ಆರಂಭವಾಯಿತು. 1924ರ ಮೇ 7ರಂದು ಅವರನ್ನು ಹಿಡಿದು ಕೊಂದರು. ಗೊಂಡರ ನಾಯಕ ಕೊಮರಂ ಭೀಮ್ ಹೋರಾಡಿದ್ದು ಹೈದರಾಬಾದಿನ ನಿಜಾಮನ ಆಡಳಿತದ ವಿರುದ್ಧ. ನೀರು, ಕಾಡು, ನೆಲದ ಹಕ್ಕನ್ನು ಕೇಳಿದ ಭೀಮ್ 1940ರಲ್ಲಿ ಜೋಡೆಘಾಟ್‌ನಲ್ಲಿ ಮಡಿದರು. ಚಿತ್ರದಲ್ಲಿ ನಿಜಾಮನ ಜಾಗಕ್ಕೆ ಬ್ರಿಟಿಷ್ ಗವರ್ನರ್ ಬರುತ್ತಾನೆ. ಜಗಳದ ಮೂಲ ಅಪಹರಣವಾದ ಒಬ್ಬ ಹುಡುಗಿಯಾಗುತ್ತಾಳೆ. ಕಾಡು ಮತ್ತು ನೆಲದ ಮಾತು ಕೊನೆಗೆ ಬಾವುಟದ ಮೇಲಿನ ಘೋಷಣೆಯಾಗಿ ಮಾತ್ರ ಉಳಿಯುತ್ತದೆ. ಅಂತ್ಯ ಬದಲಾದದ್ದಕ್ಕಿಂತ ಇದು ದೊಡ್ಡ ಬದಲಾವಣೆ. ಅದರ ಬಗ್ಗೆ ಮಾತಾಡಿದವರು ಕಡಿಮೆ.

ಚಿತ್ರದ ಕೊನೆಯ ಹಾಡಿನಲ್ಲಿ ನಾಡಿನ ವೀರರ ಸಾಲಿನಲ್ಲಿ ಕಿತ್ತೂರು ಚೆನ್ನಮ್ಮನ ಚಿತ್ರವೂ ಬರುತ್ತದೆ. ಆಕೆಯ ಕಥೆಯನ್ನಾದರೂ ನಾವು ಸರಿಯಾಗಿ ಹೇಳುತ್ತೇವೆಯೇ? ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಚಿತ್ರದಲ್ಲಿ ಬಿ. ಸರೋಜಾದೇವಿಯವರನ್ನು ನೋಡಿದ ತಲೆಮಾರುಗಳಿಗೆ ಚೆನ್ನಮ್ಮನೆಂದರೆ ಅವರೇ. ಆದರೂ ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಯ ವಿರುದ್ಧ ಚೆನ್ನಮ್ಮ ಹೋರಾಡಿದಳು ಎಂಬ ಮಾತು ಭಾಷಣಗಳಲ್ಲಿ ಇಂದಿಗೂ ಕೇಳುತ್ತದೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದದ್ದು 1848ರಲ್ಲಿ. ಕಿತ್ತೂರಿನ ದತ್ತಕವನ್ನು ಒಪ್ಪದೆ ಭಂಡಾರಕ್ಕೆ ಮುದ್ರೆ ಹಾಕಿಸಿದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ಅವನು ಕೋಟೆಯ ಮುಂದೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಆಗ ಡಾಲ್‌ಹೌಸಿಗೆ ವಯಸ್ಸು ಹನ್ನೆರಡು. ಅದೇ ಡಿಸೆಂಬರಿನಲ್ಲಿ ಕಂಪನಿಯ ಸೇನೆ ಕೋಟೆಯನ್ನು ಗೆದ್ದಿತು. ಸೆರೆಯಾದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು.

ಸಂಗೊಳ್ಳಿ ರಾಯಣ್ಣನ ಕಥೆಯಲ್ಲೂ ಕಾರಣ ಮಸುಕಾಗಿದೆ. ಕೆಂಗೇರಿ, ವಿಜಯನಗರದಿಂದ ಮೆಜೆಸ್ಟಿಕ್ ಕಡೆಗೆ ಹೋಗುವ ಮೆಟ್ರೊದಲ್ಲಿ ಆತನ ಹೆಸರಿನ ನಿಲ್ದಾಣದ ಘೋಷಣೆ ದಿನವೂ ಕೇಳಿಸುತ್ತದೆ. 2012ರಲ್ಲಿ ದರ್ಶನ್ ನಟಿಸಿದ ಚಿತ್ರ ಆತನ ಕತ್ತಿವರಸೆಯನ್ನು ಮನೆಮನೆಗೆ ಮುಟ್ಟಿಸಿತು. ಆದರೆ ರಾಯಣ್ಣನ ಪಡೆ ಕಂಪನಿಯ ಕಚೇರಿಗಳ ಜತೆಗೆ ಜಮೀನಿನ ಕಾಗದಪತ್ರಗಳನ್ನೂ ಯಾಕೆ ಸುಟ್ಟಿತು? ಆತ ಊರ ಕಾವಲಿನ ಸೇವೆಗೆ ಇನಾಮು ಭೂಮಿ ಪಡೆದಿದ್ದ ಮನೆತನದವನು. ಹೊಸ ಕಂದಾಯ ಪದ್ಧತಿ ಅಂಥವರ ನೆಲಕ್ಕೇ ಕೈ ಹಾಕಿತ್ತು. ಆ ಕಾಗದಗಳು ಬೂದಿಯಾದರೆ ಕಂಪನಿಯ ಲೆಕ್ಕವೂ ಬೂದಿ. ಇದನ್ನು ತಿಳಿದ ಮೇಲೆ ಬೆಂಕಿಯ ದೃಶ್ಯ ಬರಿಯ ಸಾಹಸವಾಗಿ ಕಾಣುವುದಿಲ್ಲ.

1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನಿಗೆ ಗಲ್ಲಾಯಿತು. ಆ ಸೀಮೆಯ ಜನ ಈ ಅಂತ್ಯವನ್ನು ಬದಲಿಸಲಿಲ್ಲ. ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಇಂದಿಗೂ ಮಕ್ಕಳ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಸೋಲನ್ನು ಸೋಲೆಂದು ಒಪ್ಪಿಕೊಂಡೇ ವೀರನನ್ನು ಉಳಿಸಿಕೊಳ್ಳುವ ದಾರಿ ಅದು.

ಹಾಗೆಂದು ಕಲ್ಪನೆಯ ಚಿತ್ರಗಳು ಬೇಡವೆಂದಲ್ಲ. ಅಲ್ಲೂರಿ ಮತ್ತು ಭೀಮ್ ಭೇಟಿಯಾಗಿದ್ದರೆ ಎಂದು ಊಹಿಸುವ ಸ್ವಾತಂತ್ರ್ಯ ಕಲಾವಿದನಿಗೆ ಇದೆ. ಚಿತ್ರ ಮುಗಿದ ಮೇಲೆ ನಡೆಯುವ ಚರ್ಚೆಯಲ್ಲಿ ‘ಹೀಗೆ ನಡೆದಿತ್ತೇ?’ ಎಂಬ ಪ್ರಶ್ನೆಯ ಜತೆಗೆ ಇನ್ನೊಂದನ್ನೂ ನಾವು ಕೇಳಿಕೊಳ್ಳಬೇಕು: ಇವರು ಯಾವುದಕ್ಕಾಗಿ ಹೋರಾಡಿದರು, ಅದು ಚಿತ್ರದಲ್ಲಿ ಉಳಿದಿದೆಯೇ?