ಯು ಇಲ್ಲದ ಕ್ಯೂ ಮತ್ತು ನಮ್ಮ ಹಕ್ಕು-ಬಾಕಿ

ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಮೇಷ್ಟರು ಹೇಳಿಕೊಡುವ ಒಂದು ನಿಯಮವಿದೆ: ಕ್ಯೂ ಬಂದರೆ ಅದರ ಬೆನ್ನಿಗೆ ಯು ಬರಲೇಬೇಕು. ಈ ನಿಯಮಕ್ಕೆ ಒಗ್ಗದ ಪದಗಳನ್ನು ಕಾಣಲು ದಿಲ್ಲಿಯಲ್ಲಿರುವ ನಾವು ನಿಘಂಟು ತೆರೆಯಬೇಕಾಗಿಲ್ಲ. ಪುರಾನಾ ಕಿಲಾ ಎಂದು ಇಂಗ್ಲಿಷಿನಲ್ಲಿ ಬರೆದಾಗ ಕ್ಯೂವಿನ ಪಕ್ಕ ಐ ನಿಲ್ಲುತ್ತದೆ. ಹೌಜ್ ಕಾಜಿ ಎಂದಾಗ ಎ.

ನಿಘಂಟಿನಲ್ಲಿಯೂ ಇಂಥ ಪುಟ್ಟ ಪದಗಳುಂಟು. ಎರಡೇ ಅಕ್ಷರದ ‘ಚೀ’ ಎಂದರೆ ಚೀನೀಯರು ನಂಬುವ ಪ್ರಾಣಶಕ್ತಿ. ಮೂರಕ್ಷರದ ‘ಕಾತ್’ ಯೆಮೆನ್ ದೇಶದ ಜನ ಜಗಿಯುವ ಎಲೆ. ನಾಲ್ಕಕ್ಷರದ ‘ಕಾದಿ’ ಎಂದರೆ ನ್ಯಾಯಾಧೀಶ, ಅಂದರೆ ನಮ್ಮ ಖಾಜಿ. ‘ಕಾಯಿದ್’ ಎಂದರೆ ನಾಯಕ. ಐದಕ್ಷರದ ‘ಕನಾತ್’ ಎಂದರೆ ನೆಲದಡಿಯಲ್ಲಿ ನೀರು ಹರಿಸುವ ಸುರಂಗ. ಅಂಥ ಸುರಂಗವನ್ನು ನೋಡಬೇಕೆಂದರೆ ಇರಾನಿಗೇ ಹೋಗಬೇಕಿಲ್ಲ. ಬಹಮನಿಗಳ ಕಾಲದಲ್ಲಿ ತೋಡಿದ್ದು ನಮ್ಮ ಬೀದರಿನಲ್ಲೇ ಇದೆ. ಅಲ್ಲಿ ಅದರ ಹೆಸರು ಕರೇಜ್.

ಚೀನೀ ಪದವೊಂದನ್ನು ಬಿಟ್ಟರೆ ಮಿಕ್ಕ ನಾಲ್ಕೂ ಅರಬ್ಬಿಯವು. ಅರಬ್ಬಿಯಲ್ಲಿ ‘ಕಾಫ್’ ಎಂಬ ಹೆಸರಿನ ಎರಡು ಅಕ್ಷರಗಳಿವೆ: ಒಂದು ನಮ್ಮ ‘ಕ’ದಂತೆ, ಇನ್ನೊಂದು ಗಂಟಲಿನ ಒಳಗಿನಿಂದ ಹೊರಡುವುದು. ಈ ಎರಡನೆಯದಕ್ಕೇ ಇಂಗ್ಲಿಷಿನಲ್ಲಿ ಕ್ಯೂ ಬಳಸುತ್ತಾರೆ. ಆಯ್ಕೆ ಸರಿಯಾಗಿಯೇ ಇದೆ. ಏಕೆಂದರೆ ರೋಮನ್ ಕ್ಯೂ ಮತ್ತು ಅರಬ್ಬಿಯ ಈ ಕಾಫ್ ಎರಡೂ ಪ್ರಾಚೀನ ಫಿನೀಷಿಯನ್ ಲಿಪಿಯ ಒಂದೇ ಅಕ್ಷರದ ಸಂತಾನ. ಯು ಜೊತೆಯಾದದ್ದು ಲ್ಯಾಟಿನ್ ರೂಢಿಯಿಂದ. ಹಳೆಯ ಇಂಗ್ಲಿಷಿನಲ್ಲಿ ‘ಕ್ವೀನ್’ ಪದಕ್ಕೆ ಕ್ಯೂವೇ ಇರಲಿಲ್ಲ. ಸಿ ಮತ್ತು ಡಬ್ಲ್ಯೂ ಇದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಲಿಪಿಕಾರರು ಈ ಜೋಡಿಯನ್ನು ಬಳಕೆಗೆ ತಂದರು.

ಇನ್ನು ಕನ್ನಡಕ್ಕೆ ಬರೋಣ. ಗಂಟಲಿನ ಆ ಧ್ವನಿ ನಮ್ಮಲ್ಲಿಲ್ಲ. ಆದರೆ ಅದನ್ನು ಹೊತ್ತ ಪದಗಳು ಎಷ್ಟಿವೆ ನೋಡಿ. ತಾಲೂಕು ಕಚೇರಿಗೆ ಹೋಗಿ, ಹೊಲದ ನಕ್ಷೆಯ ನಕಲು ತೆಗೆಸಿ, ಕಂದಾಯದ ಬಾಕಿ ಕಟ್ಟಿ, ತನ್ನ ಹಕ್ಕು ಕೇಳುವ ರೈತನ ಬಾಯಲ್ಲಿ ತಾಲೂಕು, ನಕ್ಷೆ, ನಕಲು, ಬಾಕಿ, ಹಕ್ಕು ಐದೂ ಆ ಕಾಫಿನ ಪದಗಳೇ. ಕಾಯಿದೆ, ಕರಾರು, ಕಬೂಲು, ಕೈದಿ, ಇಲಾಖೆ, ಬಂದೂಕು ಇವೂ ಅದೇ ಸಾಲಿನವು. ಕನ್ನಡ ಇವನ್ನು ಬಂದ ಹಾಗೇ ಇಟ್ಟುಕೊಳ್ಳಲಿಲ್ಲ. ಗಂಟಲಿನ ಧ್ವನಿಯನ್ನು ತಿದ್ದಿ, ‘ಹಕ್’ ಎಂಬುದಕ್ಕೆ ಉಕಾರ ಸೇರಿಸಿ ಹಕ್ಕು ಮಾಡಿತು. ‘ನಕ್ಲ್’ ಎಂಬುದನ್ನು ನಕಲು ಮಾಡಿತು. ಆಮೇಲೆ ವಿಭಕ್ತಿ ಹಚ್ಚಿ ಹಕ್ಕಿಗೆ, ಹಕ್ಕಿನಿಂದ ಎಂದು ಮನೆಯ ಮಾತಾಗಿಸಿಕೊಂಡಿತು. ಕಂದೀಲಿನ ಕಥೆ ಇನ್ನೂ ಸೊಗಸು: ಲ್ಯಾಟಿನ್ನಿನ ‘ಕಾಂದೇಲಾ’ ಒಂದು ದಾರಿಯಲ್ಲಿ ಇಂಗ್ಲಿಷಿನ ಕ್ಯಾಂಡಲ್ ಆಯಿತು, ಗ್ರೀಕ್, ಅರಬ್ಬಿ, ಪಾರಸಿಗಳನ್ನು ಸುತ್ತಿಬಂದ ಇನ್ನೊಂದು ದಾರಿಯಲ್ಲಿ ನಮ್ಮ ಹಳ್ಳಿಯ ಕಂದೀಲಾಯಿತು.

ಇವು ಬಂದ ಬಗೆಯಲ್ಲಿ ದಿಲ್ಲಿಯ ಪಾಲೂ ಇದೆ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ಇಂದಿನ ಮಹಾರಾಷ್ಟ್ರದ ದೇವಗಿರಿಯನ್ನು ದೌಲತಾಬಾದೆಂದು ಕರೆದು ರಾಜಧಾನಿ ಮಾಡಿಕೊಂಡಾಗ, ದಿಲ್ಲಿಯ ಅಧಿಕಾರಿಗಳೂ ಪಂಡಿತರೂ ಸಂಸಾರಸಮೇತ ದಕ್ಷಿಣಕ್ಕೆ ಹೊರಡಬೇಕಾಯಿತು. 1347ರಲ್ಲಿ ಅವನ ವಿರುದ್ಧ ಎದ್ದ ಬಂಡಾಯದಿಂದ ಹುಟ್ಟಿದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು, ಆಮೇಲೆ ಬೀದರ್. ಬಿಜಾಪುರದ ಆದಿಲ್‌ಶಾಹಿಗಳು, ಮುಂದೆ ಹೈದರ್ ಮತ್ತು ಟಿಪ್ಪು, ಇವರೆಲ್ಲರ ಆಡಳಿತದ ಕಾಗದಪತ್ರಗಳಲ್ಲಿ ಪಾರಸಿಗೆ ದೊಡ್ಡ ಸ್ಥಾನವಿತ್ತು. ಲೆಕ್ಕ ಬರೆದವರು, ತೆರಿಗೆ ಕೊಟ್ಟವರು ಕನ್ನಡಿಗರು. ಕಚೇರಿಯ ಮಾತು ಹೀಗೆ ಹೊಲಕ್ಕೂ ಅಂಗಳಕ್ಕೂ ಇಳಿಯಿತು. ನಾವು ಕೆಲಸ ಹುಡುಕಿಕೊಂಡು ಜಮುನೆಯ ದಡಕ್ಕೆ ಬರುವ ಆರು ಶತಮಾನ ಮೊದಲೇ ದಿಲ್ಲಿಯ ಸಂಸಾರಗಳು ನಮ್ಮತ್ತ ವಲಸೆ ಹೋಗಿದ್ದವು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಇಲ್ಲಿ ಬೆಳೆದ ಮಕ್ಕಳು “ಇನ್ನೂ ಸ್ವಲ್ಪ ಬಾಕಿ ಇದೆ, ಅಮ್ಮ” ಎಂದರೆ ನಮ್ಮಲ್ಲಿ ಕೆಲವರು “ಅದು ಹಿಂದಿ, ಕನ್ನಡದಲ್ಲಿ ಹೇಳು” ಎಂದು ಗದರಿಸುವುದುಂಟು. ಎರಡು ಸಲ ಗದರಿಸಿಕೊಂಡ ಮಗು ಮೂರನೆಯ ಸಲ ಕನ್ನಡವನ್ನೇ ಬಿಟ್ಟು ಹಿಂದಿಯಲ್ಲಿ ಉತ್ತರಿಸುತ್ತದೆ. ಕಲಬೆರಕೆಯ ಭಯದಿಂದ ನಾವೇ ಬಾಗಿಲು ಮುಚ್ಚಿದಂತಾಗುತ್ತದೆ. ಹಿಂದಿಯ ಬಾಕಿಯೂ ಕನ್ನಡದ ಬಾಕಿಯೂ ಒಂದೇ ಬೇರಿನವು. ದಿಲ್ಲಿಯ ಮಗುವಿಗೆ ಇಂಥ ನೂರಾರು ಕನ್ನಡ ಪದಗಳು ಕಲಿಯುವ ಮೊದಲೇ ಗೊತ್ತಿರುತ್ತವೆ. ಅಲ್ಲಿಂದಲೇ ಪಾಠ ಆರಂಭಿಸೋಣ. ಮುಂದಿನ ರವಿವಾರ ಮಕ್ಕಳನ್ನು ಪುರಾನಾ ಕಿಲಾಕ್ಕೆ ಕರೆದೊಯ್ದರೆ, ಚಿತ್ರದುರ್ಗದ ಕೋಟೆಯ ಕಥೆಯನ್ನೂ ಹೇಳಿ; ಕಿಲ್ಲೆ, ಕಿಲ್ಲೇದಾರ ಎಂಬ ಪದಗಳು ಕನ್ನಡದಲ್ಲಿಯೂ ಉಂಟೆಂದು ತಿಳಿಸಿ. ಅವರ ಕನ್ನಡಕ್ಕೆ ಎರಡು ಪದ ಹೆಚ್ಚಾದಂತಾಯಿತು.