ನಿಧಿಯ ಬೆನ್ನು ಬಿದ್ದ ಕನ್ನಡ ಥ್ರಿಲ್ಲರ್

1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ದೇವಾಲಯದ ಛಾವಣಿ ಕುಸಿದು ಬಿತ್ತು. ವಿಗ್ರಹ ಒಡೆಯಿತು. ಕಲ್ಲುಮಣ್ಣು ಸರಿಸಿ ನೋಡಿದರೆ ದೇವಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಲಿಪಿಯ ಸಾಲುಗಳು! ಅಶೋಕ ಚಕ್ರವರ್ತಿಯ ಶಾಸನ. ವಿಗ್ರಹ ನಿಲ್ಲಿಸಲು ಬರಹದ ನಡುವೆಯೇ ಗುಳಿ ಕೊರೆದಿದ್ದರು. ಆ ಕಲ್ಲಿನ ಮೇಲಿನ ಬರಹಗಳಲ್ಲಿ ಅಶೋಕನ ಹನ್ನೆರಡನೆಯ ಶಿಲಾಶಾಸನವೂ ಒಂದು. ತನ್ನ ಪಂಥವನ್ನು ಹೊಗಳಿಕೊಳ್ಳುತ್ತ ಪರರ ಪಂಥವನ್ನು ಹಳಿಯಬೇಡಿ ಎಂದು ಹೇಳುವ ಶಾಸನ ಅದು. ಕಾದಂಬರಿಕಾರನೊಬ್ಬ ಇದನ್ನೇ ಕಲ್ಪಿಸಿ ಬರೆದಿದ್ದರೆ ಓದುಗರು ‘ಇದು ಸ್ವಲ್ಪ ಅತಿಯಾಯಿತು’ ಎನ್ನುತ್ತಿದ್ದರು.

ಇತಿಹಾಸ, ಪುರಾಣ, ಧಾರ್ಮಿಕ ಪಿತೂರಿ ಇವನ್ನು ಬೆರೆಸಿ ಕಟ್ಟುವ ರೋಚಕ ಕಾದಂಬರಿ ಈಗ ಭಾರತದ ಹಲವು ಭಾಷೆಗಳಲ್ಲಿ ಬಿಸಿಬಿಸಿ ಸರಕು. 2003ರ ಡ್ಯಾನ್ ಬ್ರೌನ್‌ನ ‘ದ ಡಾ ವಿಂಚಿ ಕೋಡ್’ ಇದಕ್ಕೆ ಮೂಲ ಎನ್ನುವವರುಂಟು. ಹಿಂದಿಯವರು ಒಪ್ಪಲಾರರು. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ 1888ರಷ್ಟು ಹಿಂದೆಯೇ ಮಾಯಾಕೋಟೆ, ಗುಪ್ತದ್ವಾರ, ವೇಷ ಮರೆಸುವ ಗೂಢಚಾರರನ್ನು ತಂದಿತ್ತು.

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಯೂ ಪತ್ತೇದಾರಿಯೂ ಬಹುಕಾಲ ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಂಡವು. ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರದ ಹುಟ್ಟನ್ನು ಹೇಳಿದರು, ತ.ರಾ.ಸು. ಚಿತ್ರದುರ್ಗದ ಅಳಿವನ್ನು ‘ದುರ್ಗಾಸ್ತಮಾನ’ದಲ್ಲಿ ಹೇಳಿದರು. ಗೌರವವೆಲ್ಲ ಈ ಪಂಕ್ತಿಗೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ಓಡಾಡಿದ. ವಿಮರ್ಶಕರು ಅವನತ್ತ ತಿರುಗಿಯೂ ನೋಡಲಿಲ್ಲ. ಎರಡನ್ನೂ ಒಂದೇ ಎಲೆಗೆ ಬಡಿಸಲು ಪೂರ್ಣಚಂದ್ರ ತೇಜಸ್ವಿಯವರೇ ಬರಬೇಕಾಯಿತು. ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ದಂಪತಿ ಕಳ್ಳಸಾಗಣೆಯ ಸುಳಿಗೆ ಸಿಲುಕುತ್ತಾರೆ, ಹಳೆಯ ಕಾವ್ಯವೊಂದು ರತ್ನದ ಗುಟ್ಟು ಹೊತ್ತು ಬರುತ್ತದೆ. ಆದರೆ ತೇಜಸ್ವಿಯವರಿಗೆ ಆ ರತ್ನಕ್ಕಿಂತ ಮಲೆನಾಡಿನ ಮನುಷ್ಯರ ಮೇಲೆಯೇ ಹೆಚ್ಚು ಕಣ್ಣು.

ಈ ಪ್ರಕಾರ ಕನ್ನಡದಲ್ಲಿ ತನ್ನ ಕಾಲ ಮೇಲೆ ನಿಂತದ್ದು ಕೆ.ಎನ್. ಗಣೇಶಯ್ಯನವರಿಂದ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ, ಸಂಶೋಧನೆ ನಡೆಸಿದ ವಿಜ್ಞಾನಿ ಅವರು. ‘ಕನಕ ಮುಸುಕು’ ಹಿಡಿದ ಎಳೆಯನ್ನೇ ನೋಡಿ. ಹೊಯ್ಸಳ ಗುಡಿಗಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದೊಂದಿದೆ. ಮುಸುಕಿನ ಜೋಳ ಅಮೆರಿಕದ ಬೆಳೆ. ಕೊಲಂಬಸ್ ಅಲ್ಲಿ ಕಾಲಿಟ್ಟದ್ದು 1492ರಲ್ಲಿ. ಹದಿಮೂರನೇ ಶತಮಾನದ ಸೋಮನಾಥಪುರಕ್ಕೆ ಅದು ಬಂದದ್ದು ಹೇಗೆ? ಅದು ಜೋಳವೇ ಎಂದು ಕಾರ್ಲ್ ಜೊಹಾನೆಸನ್ 1989ರಲ್ಲಿ ವಾದಿಸಿದರು. ಖಂಡಿತ ಅಲ್ಲವೆಂದು ಪಾಯಕ್ ಮತ್ತು ಸಚಾನ್ 1993ರಲ್ಲಿ ತಿರುಗಿಬಿದ್ದರು. ಸಸ್ಯಶಾಸ್ತ್ರದ ಪತ್ರಿಕೆಯೊಂದರ ಜಗಳವನ್ನು ಅಡುಗೆಮನೆಯ ಓದುಗರಿಗೂ ಮುಟ್ಟಿಸಿದ್ದು ಆ ಕಾದಂಬರಿಯ ಹೆಚ್ಚುಗಾರಿಕೆ. ‘ಕರಿಸಿರಿಯಾನ’ 1565ರ ಸೋಲಿನ ನಂತರ ವಿಜಯನಗರದಿಂದ ಆನೆಗಳ ಮೇಲೆ ಹೊರಟ ಸಂಪತ್ತಿನ ಬೆನ್ನು ಹತ್ತಿತು. ಆ ಆನೆಗಳು 550 ಎಂದು ಬರೆದವನು ಇತಿಹಾಸಕಾರ ರಾಬರ್ಟ್ ಸೆವೆಲ್.

ಗಣೇಶಯ್ಯನವರ ಪಾತ್ರಗಳು ಮಾತಾಡುವುದಕ್ಕಿಂತ ಉಪನ್ಯಾಸ ಕೊಡುವುದೇ ಹೆಚ್ಚು ಎಂಬ ದೂರು ಸುಳ್ಳಲ್ಲ. ಆದರೂ ಕಥೆಯ ಜೊತೆಗೆ ಅಡಿಟಿಪ್ಪಣಿ, ಆಕರ, ಚಿತ್ರಗಳನ್ನು ಕೊಟ್ಟು ‘ಬೇಕಿದ್ದರೆ ನೀವೇ ಪರೀಕ್ಷಿಸಿಕೊಳ್ಳಿ’ ಎನ್ನುವ ಪ್ರಾಮಾಣಿಕತೆ ಈ ಜಾತಿಯ ಬರಹದಲ್ಲಿ ಅಪರೂಪ.

ಒಂದು ಕಾಲಕ್ಕೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯವರಿಗೆ ಹತ್ತಿರವಾಗಬೇಕಾದದ್ದು ಗಣೇಶಯ್ಯನವರ ‘ಏಳು ರೊಟ್ಟಿಗಳು’. ಹೈದರಾಬಾದಿನ ಮೊದಲ ನಿಜಾಮನಿಗೆ ಸೂಫಿ ಸಂತರೊಬ್ಬರು ಕುಲ್ಚಾ ರೊಟ್ಟಿ ಕೊಟ್ಟರಂತೆ. ಅವನು ತಿಂದದ್ದು ಏಳು, ಹಾಗಾಗಿ ವಂಶ ಏಳು ತಲೆಮಾರು ಆಳುತ್ತದೆಂದು ಸಂತರು ನುಡಿದರಂತೆ. ನಿಜಾಮರ ಬಾವುಟದ ನಡುವೆ ಇದ್ದ ದುಂಡನೆಯ ಗುರುತು ಅದೇ ಕುಲ್ಚಾ ಎನ್ನುತ್ತಾರೆ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ, 1948ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಮುಗಿಯಿತು. ಅದೇ ವಾರ ಅವನ ಸರ್ಕಾರದ ಹತ್ತು ಲಕ್ಷ ಪೌಂಡಿಗೂ ಮಿಕ್ಕ ಹಣ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋಯಿತು. ಅದು ಯಾರದೆಂದು ಅಲ್ಲಿನ ನ್ಯಾಯಾಲಯ ತೀರ್ಪು ಕೊಡುವಷ್ಟರಲ್ಲಿ 2019 ಬಂದಿತ್ತು. ಮೊತ್ತ ಸುಮಾರು ಮೂರೂವರೆ ಕೋಟಿ ಪೌಂಡ್‌ಗೆ ಬೆಳೆದಿತ್ತು.

ಇಷ್ಟಾದರೂ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಕನ್ನಡದ ಈ ಕಾದಂಬರಿಗಳು ಚಿನ್ನದ ಹಿಂದೆ ಹೋದಷ್ಟು ಧೈರ್ಯವಾಗಿ ಧರ್ಮದ ಹಿಂದೆ ಹೋಗಿಲ್ಲ. ಕಾರಣ ಗುಟ್ಟೇನಲ್ಲ, ವಿವಾದದ ಭಯ. ಕಲಬುರಗಿಯಿಂದ ಹೊರಟು ಕಮಲಾಪುರದ ಕೆಂಪು ಬಾಳೆಯ ತೋಟಗಳನ್ನು ದಾಟಿ ಹುಮನಾಬಾದ್ ಹಾದಿ ಹಿಡಿದರೆ ಬಸವಕಲ್ಯಾಣ ದೂರವಲ್ಲ. ದೊರೆ ಬಿಜ್ಜಳನ ಕೊಲೆ, ಶರಣರ ಚದುರುವಿಕೆ, ವಚನದ ಕಟ್ಟುಗಳನ್ನು ಹೊತ್ತು ಓಡಿದವರು: ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಥ್ರಿಲ್ಲರಿಗೆ ಬೇಕಾದದ್ದೆಲ್ಲ ಇದೆ. ನಾಟಕಕಾರರು ಅದನ್ನು ಮುಟ್ಟಿದರು. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಬಂದವು. ‘ಮಹಾಚೈತ್ರ’ ವಿವಾದದ ಬಿಸಿಯುಂಡಿತು. ಕಾದಂಬರಿಯ ಪಾಡು ಇನ್ನೂ ಕಷ್ಟದ್ದು. ಅದೇ ಕಲ್ಯಾಣದ ಕಥೆ ಹೇಳುವ ಪಿ.ವಿ. ನಾರಾಯಣರ ‘ಧರ್ಮಕಾರಣ’ಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು, ಬಹುಮಾನದ ಬೆನ್ನಿಗೇ ಪ್ರತಿಭಟನೆ, ಸರ್ಕಾರದ ಮುಟ್ಟುಗೋಲು. 2007ರಲ್ಲಿ ಸುಪ್ರೀಂ ಕೋರ್ಟೂ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು.

ಅದೇ 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂದು ಕೆಲವೇ ತಿಂಗಳಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡಿತು. ಇತಿಹಾಸ ಮತ್ತು ಧರ್ಮದ ಕಥೆಗೆ ಓದುಗರ ಹಸಿವು ಎಷ್ಟೆಂಬುದು ಅಲ್ಲಿ ಗೊತ್ತಾಯಿತು. ಆದರೆ ‘ಆವರಣ’ಕ್ಕೆ ಉತ್ತರ ಮೊದಲೇ ಗೊತ್ತಿದೆ. ಒಗಟನ್ನು ಕೊನೆಯವರೆಗೂ ಒಗಟಾಗಿ ಉಳಿಸಿಕೊಳ್ಳುವ ತಾಳ್ಮೆ ವಾದಕ್ಕಿಳಿದ ಕಾದಂಬರಿಗೆ ಇರುವುದಿಲ್ಲ.

ಕಲಬುರಗಿಯ ಬ್ರಹ್ಮಪುರದ ಸುತ್ತಮುತ್ತ ಅಂಥ ಒಗಟಿಗೆ ಬರವಿಲ್ಲ. 1347ರಲ್ಲಿ ಪಟ್ಟವೇರಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಹಸನ್ ಬಹಮನ್ ಶಾ ಮೊದಲು ದಿಲ್ಲಿಯ ಗಂಗೂ ಎಂಬ ಬ್ರಾಹ್ಮಣ ಜ್ಯೋತಿಷಿಯ ಆಳಾಗಿದ್ದ. ಉಳುವಾಗ ಸಿಕ್ಕ ಹೊನ್ನಿನ ಪಾತ್ರೆಯನ್ನು ಒಡೆಯನಿಗೇ ಒಪ್ಪಿಸಿದ. ಗಂಗೂ ಅವನಿಗೆ ರಾಜಯೋಗ ಹೇಳಿದ. ಆ ಋಣಕ್ಕೆ ‘ಬಹಮನಿ’ ಎಂಬ ಹೆಸರು ಬಂತು. ಹೀಗೆ ಬರೆದವನು ಎರಡೂವರೆ ಶತಮಾನದ ನಂತರದ ಇತಿಹಾಸಕಾರ ಫಿರಿಶ್ತಾ. ಹಸನನ ಕಾಲದಲ್ಲೇ ಇದ್ದ ಇಸಾಮಿಯ ಕಾವ್ಯದಲ್ಲಿ ಈ ಕಥೆ ಇಲ್ಲ. ಆ ರಾಜರು ತಮ್ಮನ್ನು ಪರ್ಷಿಯಾದ ಬಹಮನ್ ವಂಶದವರೆಂದೇ ಹೇಳಿಕೊಂಡರು. ಹಾಗಾದರೆ ಗಂಗೂವಿನ ಕಥೆಯನ್ನು ಹುಟ್ಟಿಸಿದವರು ಯಾರು, ಯಾರ ಲಾಭಕ್ಕೆ? ಅತ್ತ ಸನ್ನತಿಯ ಮಗ್ಗುಲಿನ ಕನಗನಹಳ್ಳಿಯಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೇ ಸಿಕ್ಕಿದೆ. ಅಷ್ಟು ದೊಡ್ಡ ಬೌದ್ಧ ಸ್ತೂಪ ಮಣ್ಣುಪಾಲಾದದ್ದು, ಸಾಮ್ರಾಟನ ಶಾಸನ ಕಾಳಿಯ ಪಾದದಡಿ ಸೇರಿದ್ದು ಹೇಗೆಂದು ಕೇಳುವ ಕಾದಂಬರಿಗೆ ನಿಧಿಯ ಹಂಗೇ ಬೇಕಿಲ್ಲ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿದ್ದ ಶಾಸನ ಕಂಡವನು ಬೀಡನ್ ಎಂಬ ಗಣಿ ಇಂಜಿನಿಯರ್. ಅವನು ಹುಡುಕಲು ಬಂದದ್ದು ಚಿನ್ನವನ್ನು. ಕನ್ನಡದ ಥ್ರಿಲ್ಲರ್ ಬರೆಯುವವರು ಮುಂದಿನ ಸಲ ಹೈದರಾಬಾದ್‌, ಹಂಪಿಗಳ ಖಜಾನೆ ಬಿಟ್ಟು ಸನ್ನತಿಯ ಭೀಮೆಯ ದಂಡೆಗೆ ಬರಲಿ. ಕಲಬುರಗಿಯ ಕಾಲೇಜುಗಳಲ್ಲಿ ಕೂತು ಓದುತ್ತಿರುವ ಹುಡುಗ ಹುಡುಗಿಯರೇ ಅದನ್ನು ಬರೆದರೆ ಇನ್ನೂ ಒಳ್ಳೆಯದು.