ಮೆಣಸಿನ ಊರು, ಸಿಂಗಳೀಕದ ಕಾಡು

ನಮ್ಮ ಬಯಲುಸೀಮೆಯವರಿಗೆ ಗೇರುಸೊಪ್ಪೆ ಎಂದರೆ ಜೋಗದ ಇನ್ನೊಂದು ಹೆಸರು. ಜಲಪಾತ ನೋಡಿ ಅಲ್ಲಿಂದಲೇ ಹಿಂದಿರುಗುವವರು ಹೆಚ್ಚು. ಘಟ್ಟ ಇಳಿದು ಆ ಹೆಸರಿನ ಊರಿಗೆ ಹೋಗುವವರು ಕಡಿಮೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನೆಲೆಸಿದ ನನಗೆ ಹಳೆಯ ಊರೆಂದರೆ ಕಣ್ಣಿಗೆ ಬರುವುದು ಹರಿಹರ. ಅಲ್ಲಿ 1224ರಲ್ಲಿ ಪೊಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯ ಸುತ್ತ ಇಂದಿಗೂ ಮನೆಗಳಿವೆ, ಪೂಜೆಯಿದೆ. ಗೇರುಸೊಪ್ಪೆಯ ಕಥೆಯೇ ಬೇರೆ. ಅಲ್ಲಿ ಗುಡಿ ಉಳಿದಿದೆ, ನಗರ ಕಾಡು ಸೇರಿದೆ.

ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಒಳಗೆ ಜಿನಮೂರ್ತಿ, ಹೊರಗೆ ಮರಗಳು. ಇಷ್ಟು ದೊಡ್ಡ ಬಸದಿಯನ್ನು ಈ ಕಾಡಿನಲ್ಲಿ ಯಾರಿಗಾಗಿ ಕಟ್ಟಿದರು ಎಂದು ಯಾರಿಗಾದರೂ ಅನ್ನಿಸದಿರದು. ಉತ್ತರ ಶರಾವತಿಯಲ್ಲಿದೆ. ಹೊನ್ನಾವರದ ಅಳಿವೆಯಿಂದ ದೋಣಿಗಳು ಇಲ್ಲಿಯವರೆಗೆ ಬರುತ್ತಿದ್ದವು. ಘಟ್ಟದ ಮೆಣಸು ಇಲ್ಲಿ ದೋಣಿಯೇರಿ ಕಡಲಿಗೆ ಹೋಗುತ್ತಿತ್ತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಅವರೊಡನೆ ಆಕೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು.

ಮುಂದೆ ರಾಜ್ಯ ಕೆಳದಿಯ ವೆಂಕಟಪ್ಪ ನಾಯಕನ ಪಾಲಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟಾಗ ಹೊನ್ನಾವರದಿಂದ ದೋಣಿಯಲ್ಲಿ ಇಲ್ಲಿಗೆ ಬಂದ. ನದಿಯ ಚೆಲುವನ್ನು ಮನಸಾರೆ ಹೊಗಳಿದ. ಆದರೆ ನಗರ ಆಗಲೇ ಪಾಳುಬಿದ್ದು ಅದರ ಮೇಲೆ ಮರ ಬೆಳೆದಿತ್ತು. ರೈತರ ಕೆಲವು ಗುಡಿಸಲುಗಳಷ್ಟೇ ಇದ್ದವು ಎಂದು ಅವನು ಬರೆದಿಟ್ಟಿದ್ದಾನೆ.

ಹೀಗೆ ಮನುಷ್ಯ ಬಿಟ್ಟುಹೋದ ಕಣಿವೆ ಈಗ ಸಿಂಗಳೀಕದ ಸೀಮೆ. 1972ರಲ್ಲಿ ಘೋಷಿತವಾದ ಶರಾವತಿ ಅಭಯಾರಣ್ಯ 2019ರಲ್ಲಿ ವಿಸ್ತಾರಗೊಂಡು, ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಯಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಈ ಪ್ರಾಣಿಗೆ ಜಗತ್ತಿನಲ್ಲಿ ಬೇರೆ ನೆಲೆಯಿಲ್ಲ. ಅದು ನೆಲಕ್ಕಿಳಿಯುವುದು ಅಪರೂಪ; ಕೊಂಬೆಯಿಂದ ಕೊಂಬೆಗೆ ಹೋಗಿಯೇ ಹಣ್ಣು ಹುಡುಕುತ್ತದೆ. ಕೊಂಬೆಗಳ ಸಾಲು ತುಂಡಾದರೆ ಅದರ ದಾರಿಯೇ ತುಂಡಾದಂತೆ.

ಈ ಅಭಯಾರಣ್ಯದೊಳಗೇ, ಮೇಲಿನ ತಲಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೂ ನಡುವೆ ನೀರನ್ನು ಏರಿಸಿ ಇಳಿಸಿ 2000 ಮೆಗಾವಾಟ್ ವಿದ್ಯುತ್ ಪಡೆಯುವ ಯೋಜನೆ ಸಿದ್ಧವಾಗಿದೆ. ಕಣಿವೆಯ ಜನರೂ ಪರಿಸರಪ್ರೇಮಿಗಳೂ ಅದನ್ನು ವಿರೋಧಿಸಿದ್ದಾರೆ. ಬಯಲಿನಲ್ಲಿ ಕೂತು ವಿದ್ಯುತ್ ಬೇಡವೆನ್ನುವುದು ನನಗೆ ಸಲ್ಲದು. ನಮ್ಮ ಮನೆಗಳ ದೀಪದಲ್ಲೂ ಶರಾವತಿಯ ಪಾಲಿದೆ. ಆದರೂ ಒಂದು ಲೆಕ್ಕ ಮರೆಯುವಂತಿಲ್ಲ. ಮೆಣಸಿನ ನಗರದ ಮೇಲೆ ಮರ ಏಳಲು ಕೆಲವೇ ವರ್ಷ ಸಾಕಾಯಿತು. ಸಿಂಗಳೀಕ ನಡೆದಾಡುವಂಥ, ಕೊಂಬೆಗೆ ಕೊಂಬೆ ತಾಗಿದ ಕಾಡು ಆಗಲು ತಲೆಮಾರುಗಳೇ ಬೇಕು. ಅಷ್ಟು ಕಾಲ ಕಾಯಲು ಆ ಪ್ರಾಣಿಗೆ ಬೇರೆ ಊರಿಲ್ಲ.